ಗಾಲಿಗೆ ಬಣ್ಣ ಬೀಳುವ ಮುನ್ನ ಬರಿಯ ಕಬ್ಬಿಣ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೆಯ ಕಾರಿನ ಗಾಲಿ ಮತ್ತು ಅದರ ನಡುವನ್ನು ಮುಚ್ಚುವ ಹಬ್ ಕ್ಯಾಪ್‌ಗಳನ್ನು ಹೊಸದರಂತೆ ಮಾಡಿಸಲು ಹೊರಟವರು ಇದನ್ನೊಮ್ಮೆ ಓದಿ. ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ ಗ್ಯಾರೇಜಿಗೆ ಹೋಗಿ ಇದೇ ಕೆಲಸವನ್ನು ಮಾಡಿಸಿಕೊಂಡು ಬರುತ್ತೀರಿ, ಅಷ್ಟೇ.

ನನ್ನದು ಮಾರ್ಕ್ 2 ಅಂಬಾಸಿಡರ್. ಶಿರಸಿ ಕಡೆಯ ಅಡಿಕೆ ಮನೆಯೊಂದರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಎಂಜಿನ್ ಚೆನ್ನಾಗಿತ್ತು, 15 ಇಂಚಿನ ಉಕ್ಕಿನ ಗಾಲಿಗಳು ಮಾತ್ರ ತುಕ್ಕು ಹಿಡಿದಿದ್ದವು. ‘ಸ್ಯಾಂಡ್ ಬ್ಲಾಸ್ಟ್ ಮಾಡಿ ಪೌಡರ್ ಕೋಟಿಂಗ್ ಕೊಡುತ್ತೇವೆ, ಇನ್ನು ನೋಡುವುದೇ ಬೇಡ’ ಎಂದರು ಗ್ಯಾರೇಜಿನವರು. ಅಂದರೆ ಗಾಳಿಯ ರಭಸದಲ್ಲಿ ಮರಳು ಹೊಡೆದು ತುಕ್ಕು ಕೀಳುವುದು, ಆಮೇಲೆ ಬಣ್ಣದ ಪುಡಿ ಹಾಕಿ ಬೇಯಿಸುವುದು. ಗಾಲಿಗಳು ವಾಪಸು ಬಂದಾಗ ಫಳಫಳ ಹೊಳೆಯುತ್ತಿದ್ದವು. ಮದುವೆ ಮನೆಗೆ ಕಳಿಸಬಹುದಿತ್ತು.

ಅರಬೈಲು ಘಟ್ಟ ಹತ್ತುವಾಗ ಮುಂದಿನ ಎಡಗಾಲಿಯಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಹಿಂದೆ ಲಾರಿಗಳ ಸಾಲು. ಅಂಚಿಗೆ ಸರಿದು ಹಬ್ ಕ್ಯಾಪ್ ಕಿತ್ತು ಸ್ಪ್ಯಾನರ್ ಹಾಕಿದರೆ ನಟ್‌ಗಳು ಯಾವ ಬಿಗಿಯೂ ಇಲ್ಲದೆ ತಿರುಗಿದವು. ಪ್ರತಿ ನಟ್ಟಿನ ಸುತ್ತ ಬಣ್ಣ ಹಿಂಡಿಕೊಂಡು ಹೊರಬಂದು ಗಟ್ಟಿಯಾಗಿ ನಿಂತಿತ್ತು.

ಕಾರಣ ಸರಳ. ಗಾಲಿಯ ನಟ್ಟಿನ ಓರೆ ಮುಖ ಗಾಲಿಯ ಗುಳಿಯಲ್ಲಿ ಕೂರುತ್ತದೆ. ಅಲ್ಲಿ ಲೋಹಕ್ಕೆ ಲೋಹವೇ ತಾಗಬೇಕು. ನಡುವೆ ದಪ್ಪ ಬಣ್ಣವಿದ್ದರೆ ಗ್ಯಾರೇಜಿನಲ್ಲಿ ಬಿಗಿಯಾದಂತೆಯೇ ಕಾಣುತ್ತದೆ. ರಸ್ತೆಗಿಳಿದು ಬಿಸಿ, ಭಾರ, ಅದುರಾಟ ಬಿದ್ದಾಗ ಆ ಪದರ ಹಿಂಡಿಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗಾಲಿಯ ಹಿಂಬದಿ ಬ್ರೇಕ್ ಡ್ರಮ್ಮಿಗೆ ಒತ್ತಿ ಕೂರುವ ಭಾಗಕ್ಕೂ ಇದೇ ಮಾತು. ಈ ಎರಡು ಜಾಗಗಳನ್ನು ಮೊದಲೇ ಟೇಪ್ ಹಚ್ಚಿ ಮುಚ್ಚಬೇಕು. ಗುಳಿಯೊಳಗೂ ಅದೇ ಹೊಳಪು ಕಂಡರೆ ಗಾಲಿ ತೆಗೆದುಕೊಳ್ಳಬೇಡಿ. ಕೆಲಸ ಸರಿಯಾಗಿಯೇ ಆಗಿದ್ದರೂ 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಮನೆಗೆ ಬಂದು ಟೈರ್ ಬಿಚ್ಚಿಸಿದಾಗ ಇನ್ನೊಂದು ಪುರಾಣ ತೆರೆದುಕೊಂಡಿತು. ರಿಮ್ಮಿನ ಒಳಗುಂಡಿಯಲ್ಲಿ ಉಗುರಿನಿಂದ ಕೆರೆದಲ್ಲಿ ಬೂದುಬಣ್ಣದ ಪುಡಿ ಉದುರಿತು. ಕಾರಿನ ಬಾಡಿ ಮೇಲಿನ ತಗ್ಗು ತುಂಬಲು ಹಚ್ಚುವ ಮಾಮೂಲಿ ಪುಟ್ಟಿ! ತುಕ್ಕು ತಿಂದ ಕುಳಿಗಳನ್ನೆಲ್ಲ ಅದರಿಂದ ತುಂಬಿದ್ದರು. ಒಂದು ಕಡೆ ಅದರಡಿಯಲ್ಲಿ ಕೂದಲೆಳೆಯ ಬಿರುಕೂ ಇತ್ತು. ಪೌಡರ್ ಕೋಟಿಂಗ್ ಎಂದರೆ ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಕೆಲಸ. ಆ ಕಾವಿಗೆ ಮಾಮೂಲಿ ಪುಟ್ಟಿ ತಾಳುವುದಿಲ್ಲ, ಗುಳ್ಳೆಯೆದ್ದು ಬಿರಿಯುತ್ತದೆ. ಪುಟ್ಟಿ ಗುಳ್ಳೆಯೇಳದೆ ಕೂತಿದೆ ಎಂದರೆ ಗಾಲಿ ಒಲೆಯ ಮುಖವನ್ನೇ ನೋಡಿಲ್ಲ. ಹತ್ತಿಗೆ ಬಣ್ಣ ಕರಗಿಸುವ ಥಿನ್ನರ್ ಅದ್ದಿ ಉಜ್ಜಿದೆ, ಬಣ್ಣ ಹತ್ತಿಗೇ ಬಂತು. ಪೌಡರ್ ಕೋಟಿಂಗಿನ ದುಡ್ಡು ಎಣಿಸಿಕೊಂಡು ಮಾಮೂಲಿ ಸ್ಪ್ರೇ ಹೊಡೆದಿದ್ದರು.

ಈ ಪರೀಕ್ಷೆಗಳಿಗೆ ಖರ್ಚಿಲ್ಲ. ಥಿನ್ನರ್ ಹತ್ತಿಯನ್ನು ಒಳಬದಿಯಲ್ಲಿ ಒತ್ತಿ ನೋಡಿ. ಒಂದು ಸಣ್ಣ ಅಯಸ್ಕಾಂತವನ್ನು ರಿಮ್ಮಿನ ಸುತ್ತ ಆಡಿಸಿ. ಪುಟ್ಟಿ ದಪ್ಪವಿರುವಲ್ಲಿ ಅದು ಕಚ್ಚುವುದಿಲ್ಲ. ಇವೆಲ್ಲ ಕೆಲಸ ಕೆಟ್ಟ ಮೇಲೆ ಕಂಡುಹಿಡಿಯುವ ದಾರಿಗಳು. ಕೆಡದಿರಲು ದಾರಿ ಒಂದೇ: ಬ್ಲಾಸ್ಟಿಂಗ್ ಮುಗಿದ ದಿನವೇ, ಪ್ರೈಮರ್ (ಅಡಿಬಣ್ಣ) ಬೀಳುವ ಮುನ್ನ, ಖುದ್ದಾಗಿ ಹೋಗಿ ಬರಿಯ ಗಾಲಿಯನ್ನು ಕಣ್ಣಾರೆ ನೋಡುವುದು. ‘ನಿಮಗ್ಯಾಕೆ ತೊಂದರೆ ಸರ್’ ಎಂದರೆ ಅಲ್ಲಿಂದಲೇ ಗಾಲಿ ಎತ್ತಿಕೊಂಡು ಬನ್ನಿ.

ಇನ್ನು ಮರಳಿನ ಕಥೆ ನಮ್ಮ ಕರಾವಳಿಗೇ ಸೇರಿದ್ದು. ಮೊದಲ ಮಳೆಗೆ ಉಳಿದ ಗಾಲಿಗಳ ಮೇಲೂ ಸಾಸಿವೆ ಗಾತ್ರದ ಗುಳ್ಳೆಗಳೆದ್ದವು. ಯಾವ ಮರಳು ಬಳಸಿದಿರಿ ಎಂದು ಕೇಳಿದೆ. ‘ಸಮುದ್ರದ್ದಲ್ಲ, ಕಾಳಿ ನದಿಯದು’ ಎಂದು ಎದೆಯುಬ್ಬಿಸಿ ಹೇಳಿದರು. ಕಾಳಿ ಸಮುದ್ರ ಸೇರುವ ಸದಾಶಿವಗಡದ ಬುಡದಲ್ಲಿ ಅದು ನದಿಯೋ ಸಮುದ್ರವೋ ಎಂದು ಉಬ್ಬರದ ಹೊತ್ತಿನಲ್ಲಿ ನೀರು ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಆ ಮರಳಿನ ಉಪ್ಪು ಉಕ್ಕಿನ ಮೇಲೆ ಉಳಿದರೆ ಎಂಥ ಬಣ್ಣ ಬಳಿದರೂ ಅಡಿಯಿಂದ ತೇವ ಎಳೆದುಕೊಂಡು ಎಬ್ಬಿಸುತ್ತದೆ. ಅದಕ್ಕಿಂತ ದೊಡ್ಡ ಮಾತು, ಒಣ ಮರಳಿನ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ಅಲ್ಲಿನ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡು ಬ್ಲಾಸ್ಟ್ ಮಾಡುತ್ತಿದ್ದ. ಮರಳಿನ ಬದಲು ಗಾರ್ನೆಟ್ ಎಂಬ ಕಲ್ಲಿನ ಪುಡಿ ಅಥವಾ ಉಕ್ಕಿನ ಗ್ರಿಟ್ (ಸಣ್ಣ ಕಾಳು) ಬಳಸುವವರನ್ನೇ ಹುಡುಕಿ.

ಹಬ್ ಕ್ಯಾಪ್‌ಗಳನ್ನು ಅದೇ ಗ್ಯಾರೇಜಿನವರು ಘಟ್ಟದ ಮೇಲೆ ಕ್ರೋಮ್ ಪ್ಲೇಟಿಂಗಿಗೆ ಕಳಿಸಿದ್ದರು. ಕ್ರೋಮ್ ಎಂದು ನಾವು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಇರುವುದು ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ) ಕಡಿಮೆ. ತುಕ್ಕು ತಡೆಯುವುದು ಅದರಡಿಯ ನಿಕ್ಕಲ್. ಹೊರಗೆ ಓಡಾಡುವ ವಸ್ತುವಿಗೆ ಅದು 20ರಿಂದ 30 ಮೈಕ್ರಾನ್ ಇರಬೇಕು. ನನ್ನವಕ್ಕೆ ನಿಕ್ಕಲ್ ಹೆಸರಿಗೆ ಮಾತ್ರ ಬಿದ್ದಿತ್ತು. ಉಜ್ಜಿ ಹೊಳಪು ತರುವ ಬಫಿಂಗ್ ಚಕ್ರಕ್ಕೆ ಕೊಟ್ಟು ಉಬ್ಬು ಗುರುತನ್ನೂ ಸವೆಸಿದ್ದರು, ಅದು ಇನ್ನು ಹುಟ್ಟುವುದಿಲ್ಲ. ಮಡಿಚಿದ ಅಂಚಿನೊಳಗೆ ಉಳಿದ ಪ್ಲೇಟಿಂಗಿನ ಆಸಿಡ್ ಮಳೆಗಾಲವಿಡೀ ಕಂದು ನೀರಾಗಿ ಒಸರಿತು. ತಮಾಷೆಯೆಂದರೆ, ಕೊಡದೆ ಉಳಿಸಿಕೊಂಡಿದ್ದ ಹೆಚ್ಚುವರಿ ಕ್ಯಾಪನ್ನು ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿದೆ, ಮೇಲ್ಪದರದ ತುಕ್ಕು ಹೋಯಿತು. ಒಳಬದಿಗೆ ಬಣ್ಣ ಹೊಡೆದು ಮೇಲೆ ಮೇಣ ಹಚ್ಚಿದೆ. ಈಗ ಗಾಡಿಯಲ್ಲಿ ನೋಡುವಂತಿರುವುದು ಅದೊಂದೇ.

ದುಡ್ಡು ವಾಪಸು ಕೇಳಿದಾಗ ‘ಮತ್ತೊಂದು ಕೋಟ್ ಫ್ರೀ’ ಎಂದರು. ಬಿರುಕಿನ ಗಾಲಿಯನ್ನು ಗುಜರಿಗೆ ಹಾಕಿದೆ, ಆದರೆ ಗ್ರೈಂಡರಿನಲ್ಲಿ ಎರಡು ಹೋಳು ಮಾಡಿಸಿದ ಮೇಲೆ. ಇಡಿಯಾಗಿ ಕೊಟ್ಟಿದ್ದರೆ ಪುಟ್ಟಿ ಮೆತ್ತಿಸಿಕೊಂಡು ನಿಮ್ಮಲ್ಲೇ ಯಾರದಾದರೂ ಗಾಡಿಗೆ ಬಂದು ಕೂರುತ್ತಿತ್ತು.