ಶೇಕ್ಸ್‌ಪಿಯರ್‌ಗೆ ಜಾಜ್ ಜೊತೆಯಾದಾಗ: ‘ಪ್ಲೇ ಆನ್!’ ಚೆನ್ನಾ, ‘ಕಿಸ್ ಮಿ, ಕೇಟ್’ ಚೆನ್ನಾ?

ಹೋದ ತಿಂಗಳೆಲ್ಲ ರಾತ್ರಿ ಊಟವಾದ ಮೇಲೆ ನನಗೆ ಒಂದೇ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಒಂದು ದಿನ ‘ಪ್ಲೇ ಆನ್!’ ಕೇಳುವುದು, ಮರುದಿನ ‘ಕಿಸ್ ಮಿ, ಕೇಟ್’. ಎರಡೂ ಶೇಕ್ಸ್‌ಪಿಯರ್‌ನ ಹಾಸ್ಯನಾಟಕಗಳಿಂದ ಹುಟ್ಟಿ, ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳಿಗೆ ಬಂದ ಸಂಗೀತ ನಾಟಕಗಳು. ಜಾಜ್ ಹುಚ್ಚಿರುವ ಗೆಳತಿಯೊಬ್ಬಳು ‘ಯಾವುದರಿಂದ ಶುರು ಮಾಡಲಿ?’ ಅಂತ ಕೇಳಿದ್ದಳು. ಸುಮ್ನೆ ಬಾಯಿಗೆ ಬಂದದ್ದು ಹೇಳುವುದಕ್ಕಿಂತ ಕೂತು ಕೇಳಿಯೇ ಹೇಳೋಣ ಅನಿಸಿತು.

‘ಪ್ಲೇ ಆನ್!’ 1997ರಲ್ಲಿ ಬ್ರಾಡ್‌ವೇಗೆ ಬಂತು. ಮೂಲ ನಾಟಕ ‘ಟ್ವೆಲ್ಫ್ತ್ ನೈಟ್’. ಹಾಡುಗಳೆಲ್ಲ ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಂಡ ಮೊದಲೇ ಮನೆಮಾತು ಮಾಡಿದ್ದವು. ಎಲಿಂಗ್ಟನ್ ತೀರಿಕೊಂಡದ್ದು 1974ರಲ್ಲಿ. ಅಂದರೆ ಹಾಡು ಮೊದಲು, ಕಥೆ ಆಮೇಲೆ. ನಿರ್ದೇಶಕ ಶೆಲ್ಡನ್ ಎಪ್ಸ್ ಅವರ ಕಲ್ಪನೆಗೆ ಷೆರಿಲ್ ವೆಸ್ಟ್ ಮಾತು ಬರೆದರು. ಮೂಲ ಕಥೆ ನಡೆಯುವ ಇಲಿರಿಯಾ ಹೋಗಿ, ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆಯಾದ 1940ರ ದಶಕದ ಹಾರ್ಲೆಮ್ ಬಂತು. ಹಡಗು ಒಡೆದು ದಡ ಸೇರುವ ವಯೋಲಾ ಇಲ್ಲಿ ವೈ ಎಂಬ ಹುಡುಗಿ. ಹಾಡು ಬರೆಯುವ ಆಸೆ ಹೊತ್ತು ಮಿಸಿಸಿಪ್ಪಿಯಿಂದ ಬರುತ್ತಾಳೆ. ಹೆಂಗಸು ಬರೆದ ಹಾಡನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಗಂಡುವೇಷ. ಮೂಲ ನಾಟಕಕ್ಕಿಂತ ಈ ಕಾರಣವೇ ಗಟ್ಟಿ ಅನಿಸಿತು ನನಗೆ.

ಸಿದ್ಧ ಹಾಡುಗಳನ್ನು ಕಥೆಗೆ ಹೊಲಿದರೆ ಒಂದು ತೊಂದರೆ ಇದ್ದದ್ದೇ. ಕೆಲವು ಕಡೆ ಹಾಡು ಮುಗಿಯಲಿ ಅಂತ ಕಥೆ ಪಕ್ಕಕ್ಕೆ ನಿಂತು ಕಾಯುತ್ತದೆ. ಆದರೆ ಹೊಂದಿಕೊಂಡ ಕಡೆ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ಶುರುವಿನಲ್ಲೇ ‘ಟೇಕ್ ದಿ ಎ ಟ್ರೇನ್’. ಎಲಿಂಗ್ಟನ್ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಬರೆದ ಈ ಹಾಡು ಹೇಳುವುದೇ ಹಾರ್ಲೆಮ್‌ಗೆ ಹೋಗುವ ರೈಲಿನ ದಾರಿ. ಹೊಸದಾಗಿ ಊರಿಗೆ ಕಾಲಿಡುವ ಹುಡುಗಿಗೆ ಇನ್ನೇನು ಬೇಕು!

ನಾನು ಮತ್ತೆ ಮತ್ತೆ ಹಾಕಿಕೊಂಡದ್ದು ‘ಮೂಡ್ ಇಂಡಿಗೋ’. ಹಾಡುವವಳು ಮೂಲ ನಾಟಕದ ಒಲಿವಿಯಾ; ಇಲ್ಲಿ ಅವಳು ಲೇಡಿ ಲಿವ್, ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ಬಿನ ಗಾಯಕಿ. ಪಾತ್ರ ಮಾಡಿದ್ದು ಟೋನ್ಯಾ ಪಿಂಕಿನ್ಸ್. ಈ ಹಾಡಿಗಾಗಿ ಎಲಿಂಗ್ಟನ್ 1930ರಲ್ಲೇ ಒಂದು ವಿಚಿತ್ರ ಕೆಲಸ ಮಾಡಿದ್ದರು. ಮೇಲೆ ಹಾರಾಡುವ ಕ್ಲಾರಿನೆಟ್ಟನ್ನು ಎಲ್ಲಕ್ಕಿಂತ ಕೆಳಗಿನ ಸ್ವರಕ್ಕೆ ಇಳಿಸಿ, ಬಾಯಿ ಮುಚ್ಚಿದ ಟ್ರಂಪೆಟ್ ಮತ್ತು ಟ್ರಾಂಬೋನ್‌ಗಳನ್ನು ಅದರ ಮೇಲೆ ಕೂರಿಸಿದರು. ಆ ಹಳೆಯ ರೆಕಾರ್ಡನ್ನು ಮೊದಲು ಕೇಳಿ, ಆಮೇಲೆ ನಾಟಕದ್ದು ಕೇಳಿ. ಅಣ್ಣ ಸತ್ತನೆಂದು ಮುಖಪರದೆ ಎಳೆದುಕೊಂಡು ಕೂತ ಶೇಕ್ಸ್‌ಪಿಯರ್‌ನ ಒಲಿವಿಯಾ ಕಣ್ಣಿಗೆ ಕಟ್ಟುತ್ತಾಳೆ. ಹಾಸ್ಯನಾಟಕದ ತಳದಲ್ಲಿ ದುಃಖ ಇದೆ ಅಂತ ನನಗೆ ತೋರಿಸಿದ್ದು ಆ ಹಾಡು.

ಇನ್ನು ‘ಕಿಸ್ ಮಿ, ಕೇಟ್’. 1948ರ ಡಿಸೆಂಬರ್ 30ರಂದು ಶುರುವಾಗಿ 1,077 ಪ್ರದರ್ಶನ ಕಂಡಿತು. ಅತ್ಯುತ್ತಮ ಸಂಗೀತ ನಾಟಕಕ್ಕೆ ಕೊಡುವ ಟೋನಿ ಪ್ರಶಸ್ತಿ ಮೊದಲ ಸಲ ಸಿಕ್ಕಿದ್ದು ಇದಕ್ಕೇ. ‘ಪ್ಲೇ ಆನ್!’ ಬ್ರಾಡ್‌ವೇಯಲ್ಲಿ ನಡೆದದ್ದು ಬರೀ 61 ಪ್ರದರ್ಶನ. ‘ಕೇಟ್’ನ ಮೂಲ ಕಥೆ ‘ದಿ ಟೇಮಿಂಗ್ ಆಫ್ ದಿ ಶ್ರೂ’. ನಮಗೇನೂ ಹೊಸದಲ್ಲ, ‘ನಂಜುಂಡಿ ಕಲ್ಯಾಣ’ದ ಬೇರು ಅಲ್ಲೇ ಇರುವುದು. ಇಲ್ಲಿ ವಿಚ್ಛೇದನವಾದ ಗಂಡ ಹೆಂಡತಿ ಬಾಲ್ಟಿಮೋರ್‌ನಲ್ಲಿ ಆ ನಾಟಕ ಆಡಲು ಬಂದಿರುತ್ತಾರೆ. ರಂಗದ ಮೇಲೂ ಜಗಳ, ಪರದೆ ಹಿಂದೆಯೂ ಜಗಳ.

ಕೋಲ್ ಪೋರ್ಟರ್ ಇದರ ಹೆಚ್ಚಿನ ಹಾಡುಗಳನ್ನು ಆ ಸಂದರ್ಭಕ್ಕೇ ಅಂತ ಬರೆದರು. ಹಾಗಾಗಿ ನಾಟಕವಾಗಿ ಇದರ ಹೆಣಿಗೆ ಬಿಗಿ. ಕಥೆ ಎಲ್ಲೂ ಕಾಯುವುದಿಲ್ಲ. ಆದರೆ ಜಾಜ್ ಕೇಳಲು ಕೂತವರಿಗೆ ಇದರಲ್ಲಿ ಪಾಲು ಕಮ್ಮಿ. ‘ವುಂಡರ್‌ಬಾರ್’ ವಿಯೆನ್ನಾ ವಾಲ್ಟ್ಸ್ ಧಾಟಿಯದು. ಜಾಜ್ ಮೈದುಂಬಿ ಬರುವುದು ‘ಟೂ ಡಾರ್ನ್ ಹಾಟ್’ನಲ್ಲಿ. ಮಧ್ಯಂತರದ ಹೊತ್ತು, ಥಿಯೇಟರ್ ಹಿಂದಿನ ಓಣಿ, ತಡೆಯಲಾರದ ಸೆಕೆ. ಕೈಕಾಲು ಆಡಿಸಲೂ ಮನಸ್ಸಿಲ್ಲ ಅನ್ನುವ ಹಾಡು ಕೇಳುವವರ ಕೈಕಾಲನ್ನು ಮಾತ್ರ ಸುಮ್ಮನಿರಲು ಬಿಡುವುದಿಲ್ಲ. 1953ರ ಸಿನಿಮಾದಲ್ಲಿ ಇದನ್ನು ಶುರುವಿಗೇ ತಂದು ಆ್ಯನ್ ಮಿಲ್ಲರ್ ಕೈಗೆ ಕೊಟ್ಟರು. ಅವರ ಟ್ಯಾಪ್ ಕುಣಿತ ನೋಡಲೇಬೇಕು. ಆದರೆ ಆ ಓಣಿಯ ದಣಿವು ನನಗೆ ಅಲ್ಲಿ ಸಿಗಲಿಲ್ಲ.

‘ಕೇಟ್’ನಲ್ಲಿ ನನಗೆ ಕೊನೆಗೂ ಗಂಟಲಲ್ಲಿ ಇಳಿಯದ್ದು ಕೊನೆಯ ಹಾಡು. ಹೆಂಗಸರ ದಡ್ಡತನಕ್ಕೆ ನಾಚಿಕೆಯಾಗುತ್ತದೆ ಅಂತ ಕೇಟ್ ಹಾಡುತ್ತಾಳೆ, ಶೇಕ್ಸ್‌ಪಿಯರ್‌ನ ಸಾಲುಗಳನ್ನೇ ತೆಗೆದುಕೊಂಡು. ಅಷ್ಟು ಹೊತ್ತು ಸರಿಸಮ ನಿಂತು ಜಗಳವಾಡಿದವಳು! 2019ರ ಬ್ರಾಡ್‌ವೇ ಮರುಪ್ರಯೋಗದಲ್ಲಿ ‘ಹೆಂಗಸರು’ ಅನ್ನುವ ಕಡೆ ‘ಜನರು’ ಅಂತ ಬದಲಿಸಿದರು. ಒಂದೇ ಪದ, ಆದರೆ ಎಷ್ಟು ಹಗುರವಾಯಿತು ಅಲ್ವಾ?

ಮೂರನೆಯದೊಂದನ್ನೂ ಈ ಸಾಲಿಗೆ ಸೇರಿಸುವ ಆಸೆ ಇತ್ತು. 1939ರ ‘ಸ್ವಿಂಗಿಂಗ್ ದಿ ಡ್ರೀಮ್’. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಕಥೆ, ಮಾಟದಿಂದ ಕತ್ತೆತಲೆ ಬರುವ ಬಾಟಮ್ ಪಾತ್ರಕ್ಕೆ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್, ಜೊತೆಗೆ ಬೆನ್ನಿ ಗುಡ್‌ಮನ್ ಜಾಜ್ ತಂಡ. 13 ಪ್ರದರ್ಶನಕ್ಕೇ ನಿಂತುಹೋಯಿತು. ‘ಡಾರ್ನ್ ದಟ್ ಡ್ರೀಮ್’ ಹಾಡು ಮಾತ್ರ ಇಂದಿಗೂ ಬದುಕಿದೆ. ಆರ್ಮ್‌ಸ್ಟ್ರಾಂಗ್ ಬಾಟಮ್ ಆಗಿ ರಂಗಕ್ಕೆ ಬಂದದ್ದನ್ನು ನೋಡಲಾಗಲಿಲ್ಲವಲ್ಲ ಅಂತ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಗೆಳತಿಗೆ ‘ಪ್ಲೇ ಆನ್!’ ಅಂತಲೇ ಬರೆದೆ. ಹೊಲಿಗೆ ಅಲ್ಲಲ್ಲಿ ಸಡಿಲ, ನಿಜ. ಆದರೆ ಜಾಜ್ ಅದರ ಉಸಿರು, ಮೇಲೆ ಹಚ್ಚಿದ ಬಣ್ಣ ಅಲ್ಲ. ಮೊದಲು ‘ಎ ಟ್ರೇನ್’, ಆಮೇಲೆ ದೀಪ ಆರಿಸಿ ‘ಮೂಡ್ ಇಂಡಿಗೋ’. ಎರಡು ವಾರ ಬಿಟ್ಟು, ಸೆಕೆ ಜಾಸ್ತಿ ಇರುವ ಒಂದು ರಾತ್ರಿ ‘ಟೂ ಡಾರ್ನ್ ಹಾಟ್’ ಹಾಕು, ಕೇಟ್ ಮನೆಗೆ ಅದೇ ಬಾಗಿಲು ಅಂದೆ.