ಇಟಾಲಿಯನ್ ಆತ್ಮಾರ್ಥಕ ಕ್ರಿಯಾಪದಗಳ ಆನ್‌ಲೈನ್ ಪಾಠ: ವರ್ತಮಾನದಲ್ಲಿ ಗಟ್ಟಿ, ಭೂತಕಾಲದಲ್ಲಿ ಪೊಳ್ಳು

ಆತ್ಮಾರ್ಥಕ ಕ್ರಿಯಾಪದವೆಂದರೆ ಮಾಡುವವರ ಮೇಲೆಯೇ ಕ್ರಿಯೆ ನಡೆಯುವಂಥದ್ದು. ಇಂಗ್ಲಿಷ್ ಬಲ್ಲವರಿಗೆಂದೇ ಮಾಡಿರುವ ಈ ಪಾಠ ಸರಿಯಾದ ಜಾಗದಿಂದಲೇ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ 'ಐ ವೇಕ್ ಅಪ್' ಅಂದರೆ ಮುಗಿಯಿತು. ಇಟಾಲಿಯನ್‌ನಲ್ಲಿ 'ಮಿ ಜ್ವೇಲ್ಯೊ' ಅನ್ನಬೇಕು. ಆ 'ಮಿ' ಬಿಟ್ಟರೆ ಇನ್ಯಾರನ್ನೋ ಎಬ್ಬಿಸುತ್ತಿದ್ದೀರಿ ಎಂದಾಗುತ್ತದೆ. (ತೊಳೆಯುವುದಕ್ಕೂ ತೊಳೆದುಕೊಳ್ಳುವುದಕ್ಕೂ ವ್ಯತ್ಯಾಸ ಬಲ್ಲ ನಮಗೆ ಇದು ಅರ್ಧ ಪರಿಚಿತವೇ.) ನಾನು, ನೀನು, ಅವನು/ಅವಳು, ನಾವು, ನೀವು, ಅವರು ಎಂಬುದಕ್ಕೆ ತಕ್ಕಂತೆ ಬರುವ ಮಿ, ತಿ, ಸಿ, ಚಿ, ವಿ, ಸಿ ಸರ್ವನಾಮಗಳ ಡ್ರಿಲ್ ಚೆನ್ನಾಗಿದೆ. 'ಮಿ ಲಾವೊ ಲೆ ಮಾನಿ'ಯಲ್ಲಿ (ಕೈ ತೊಳೆದುಕೊಳ್ಳುತ್ತೇನೆ) 'ನನ್ನ' ಯಾಕೆ ಬೇಡ ಎಂಬುದನ್ನೂ ಬಿಡಿಸಿದ್ದಾರೆ: ಕೈ ಯಾರದೆಂದು 'ಮಿ'ಯೇ ಹೇಳುತ್ತದೆ.

ಎಡವಟ್ಟಾಗುವುದು ಭೂತಕಾಲದಲ್ಲಿ. ಸಹಾಯಕ ಕ್ರಿಯಾಪದ 'ಅವೇರೆ' (ಇಂಗ್ಲಿಷಿನ 'ಹ್ಯಾವ್') ಅಲ್ಲ, 'ಎಸ್ಸೆರೆ' (ಇಂಗ್ಲಿಷಿನ 'ಬಿ') ಎಂಬುದನ್ನು ಒಂದೇ ವಾಕ್ಯದಲ್ಲಿ ತೇಲಿಸಿಬಿಟ್ಟಿದ್ದಾರೆ. ಕಲಿಯುವವರು 'ಮಿ ಓ ಲವಾತೊ' ಎಂದು ತಪ್ಪುವುದೇ ಇಲ್ಲಿ. ಸರಿಯಾದದ್ದು ಗಂಡಸಿಗೆ 'ಮಿ ಸೋನೊ ಲವಾತೊ' (ತೊಳೆದುಕೊಂಡೆ), ಹೆಂಗಸಿಗೆ 'ಲವಾತಾ'; ಬಹುವಚನದಲ್ಲಿ 'ಚಿ ಸಿಯಾಮೊ ಲವಾತಿ', ಬರೀ ಹೆಂಗಸರಾದರೆ 'ಲವಾತೆ'. 'ದೇವೊ ಅಲ್ತ್ಸಾರ್ಮಿ', 'ಮಿ ದೇವೊ ಅಲ್ತ್ಸಾರೆ' (ನಾನು ಏಳಬೇಕು) ಎರಡೂ ನಡೆಯುತ್ತವೆ ಎಂದವರು, ಭೂತಕಾಲದಲ್ಲಿ ಮೊದಲನೆಯದು 'ಓ ದೊವೂತೊ ಅಲ್ತ್ಸಾರ್ಮಿ', ಎರಡನೆಯದು 'ಮಿ ಸೋನೊ ದೊವೂತೊ ಅಲ್ತ್ಸಾರೆ' ಆಗುತ್ತದೆಂದು ಹೇಳಿಯೇ ಇಲ್ಲ. ಸರ್ವನಾಮದ ಜಾಗ ಬದಲಾದರೆ ಸಹಾಯಕ ಕ್ರಿಯಾಪದವೂ ಬದಲು. ಇದಕ್ಕೇ ಒಂದು ಇಡೀ ವಿಡಿಯೊ ಬೇಕಿತ್ತು.

ಅಭ್ಯಾಸದ ಪ್ರಶ್ನೆಗಳು ಬಹುಪಾಲು 'ನಾನು' ರೂಪದ ಮೇಲೆಯೇ. 'ಚಿ', 'ವಿ' ವಾಕ್ಯಗಳನ್ನು ನೀವೇ ಬರೆದು, ವ್ಯಾಕರಣ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿಕೊಳ್ಳಬೇಕು.