ಅಬ್ಲೇಷನ್: ಬಿಸಿಯೋ, ತಂಪೋ, ಪಲ್ಸೋ?

ಏಟ್ರಿಯಲ್ ಫಿಬ್ರಿಲೇಷನ್ ಎಂದರೆ ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಬಡಿಯುವ ತೊಂದರೆ. ಅದಕ್ಕೆ ಕಾರಣವಾಗುವ ಅಂಗಾಂಶವನ್ನು ತೊಡೆಸಂದಿನಿಂದ ತೂರಿಸಿದ ತೆಳು ನಳಿಕೆಯಿಂದ ನಿಷ್ಕ್ರಿಯಗೊಳಿಸುವುದೇ ಅಬ್ಲೇಷನ್. ರೇಡಿಯೋಫ್ರೀಕ್ವೆನ್ಸಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಸುಡುತ್ತಾರೆ. ಕ್ರಯೋದಲ್ಲಿ ಬಲೂನಿಟ್ಟು ಹೆಪ್ಪುಗಟ್ಟಿಸುತ್ತಾರೆ. ತೊಂದರೆ ಆಗಾಗ ಬಂದುಹೋಗುವ ರೋಗಿಗಳ ಮೇಲೆ ನಡೆದ 2016ರ 'ಫೈರ್ ಅಂಡ್ ಐಸ್' ಅಧ್ಯಯನದಲ್ಲಿ ಫಲ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿರುವುದು ಅಪಾಯದಲ್ಲಿ. ಕ್ರಯೋದಲ್ಲಿ ವಪೆಯ ನರಕ್ಕೆ ಪೆಟ್ಟಾಗಿ ಏದುಸಿರು ಬರಬಹುದು, ಸಾಮಾನ್ಯವಾಗಿ ಕ್ರಮೇಣ ಸರಿಹೋಗುತ್ತದೆ. ಸುಡುವಾಗ ಹೃದಯದ ಹಿಂದೆಯೇ ಇರುವ ಅನ್ನನಾಳದ ಚಿಂತೆ ಹೆಚ್ಚು. ಅದಕ್ಕೆ ತೂತು ಬೀಳುವುದು ಬಲು ಅಪರೂಪ, ಆದರೆ ಮಾರಕ: ವಾರಗಳ ನಂತರವೂ ಜ್ವರ, ನುಂಗುವಾಗ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ, ಅಬ್ಲೇಷನ್ ಆಗಿದೆಯೆಂದು ಮೊದಲೇ ಹೇಳಿ.

ಕ್ಷಣಮಾತ್ರದ ವಿದ್ಯುತ್ ಮಿಡಿತಗಳನ್ನು (ಪಲ್ಸ್) ಬಳಸುವ ಹೊಸದಾದ ಪಲ್ಸ್ಡ್ ಫೀಲ್ಡ್ ಈ ಎರಡೂ ಭಯವನ್ನು ಬಹಳ ತಗ್ಗಿಸುತ್ತದೆ, ಬೇಗ ಮುಗಿಯುತ್ತದೆ. ಪಲ್ಸ್ ಹೆಚ್ಚಾದರೆ ಕೆಂಪು ರಕ್ತಕಣ ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಕಿಡ್ನಿ ತೊಂದರೆಯಿದ್ದವರು ಮೊದಲೇ ಕೇಳಬೇಕು.

ಚೇತರಿಕೆ? ನಿಜ ಹೇಳಬೇಕೆಂದರೆ ಮೂರರಲ್ಲೂ ಒಂದೇ. ತೊಡೆಸಂದಿನ ಗಾಯಕ್ಕಾಗಿ ಕೆಲ ಗಂಟೆ ಅಲುಗಾಡದೆ ಮಲಗಬೇಕು, ಸುಮಾರು ಒಂದು ವಾರ ಬಿಂದಿಗೆ, ಸಿಲಿಂಡರ್ ಎತ್ತಬಾರದು. ಮೊದಲ ಎರಡು ಮೂರು ತಿಂಗಳು ಎದೆ ಮತ್ತೆ ಡವಡವ ಎಂದರೂ ಸೋತಂತಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ನನ್ನ ಮಟ್ಟಿಗೆ ಯಂತ್ರಕ್ಕಿಂತ ಅದರಲ್ಲಿ ಪಳಗಿದ ಕೈಯೇ ಮುಖ್ಯ.